ಗಂಡನ ಬಾಯಲ್ಲಿ ತೆಲುಗು ಹಾಡು

ನನ್ನ ಗಂಡ ಬಚ್ಚಲಮನೆಯಲ್ಲಿ ತೆಲುಗು ಹಾಡು ಗುನುಗುವುದನ್ನು ಕೇಳಿದ ದಿನ ನಾನು ಹಂಚಿನ ಮೇಲಿದ್ದ ರೊಟ್ಟಿಯನ್ನು ಕರಕಲು ಮಾಡಿದೆ. ಇಷ್ಟು ವರ್ಷದ ಸಂಸಾರದಲ್ಲಿ ರೊಟ್ಟಿ ಸುಟ್ಟದ್ದು ಅದೇ ಮೊದಲು (ಅವರು ಬೇರೆ ಏನಾದರೂ ಹೇಳಿದರೆ ನಂಬಬೇಡಿ). ತೆಲುಗು ಹಾಡಿನಲ್ಲಿ ತಪ್ಪೇನಿದೆ ಎಂದು ನೀವು ಕೇಳಬಹುದು. ಹಾಡಿನದೇನೂ ತಪ್ಪಿಲ್ಲ. ಅದು ಅವರ ಬಾಯಿಗೆ ಎಲ್ಲಿಂದ ಬಂತು ಎಂಬುದೇ ನನ್ನ ತಕರಾರು.

ಈ ವಿಷಯದಲ್ಲಿ ನನ್ನದೊಂದು ಘನ ಸಿದ್ಧಾಂತವಿದೆ. ಮನುಷ್ಯನ ಹಾಡಿನ ರುಚಿ ತಾನಾಗಿ ಬದಲಾಗುವುದಿಲ್ಲ, ಯಾರಾದರೂ ಬದಲಾಯಿಸಬೇಕು. ನನ್ನದನ್ನೇ ನೋಡಿ. ತವರೂರು ತೆಂಗಳಿಯಲ್ಲಿ ಚಿಕ್ಕವಳಿದ್ದಾಗ ನನಗೆ ಬೀಸುಕಲ್ಲಿನ ಪದಗಳೆಂದರೆ ಜೀವ. ಕಾರಣ, ಬೀಸುತ್ತಾ ಹಾಡುತ್ತಿದ್ದ ಅಜ್ಜಿ ಪಕ್ಕದಲ್ಲಿ ಕೂತು ಕೇಳಿದವರಿಗೆ ಶೇಂಗಾ-ಬೆಲ್ಲ ಕೊಡುತ್ತಿದ್ದಳು. ಶಾಲೆಗೆ ಸೇರಿದ ಮೇಲೆ ಅಜ್ಜಿಯ ಪದ ಹೇಳಲು ನಾಚಿಕೆಯಾಗಿ ಪ್ರಾರ್ಥನೆಯ ಗೀತೆಗಳು ಹಿಡಿಸಿದವು. ಹಾರ್ಮೋನಿಯಂ ನುಡಿಸುತ್ತಿದ್ದ ಟೀಚರು ನನ್ನನ್ನು ಮುಂದಿನ ಸಾಲಿನಲ್ಲಿ ನಿಲ್ಲಿಸಿದ್ದರು. ಹತ್ತನೇ ತರಗತಿಯಲ್ಲಿ ಇದ್ದಕ್ಕಿದ್ದಂತೆ ಹಿಂದಿಯ ಅಳುಬುರುಕ ಹಾಡುಗಳು ಶುರುವಾದವು. ಎದುರುಮನೆಯ ಮಾಳಿಗೆಯ ಮೇಲೊಂದು ಟೇಪ್ ರೆಕಾರ್ಡರ್ ಇತ್ತು, ಅದನ್ನು ಹಚ್ಚುವವನೂ ಒಬ್ಬನಿದ್ದ. (ಇದಕ್ಕಿಂತ ಹೆಚ್ಚು ಕೇಳಬೇಡಿ, ನಮ್ಮವರೂ ಇದನ್ನು ಓದುತ್ತಾರೆ.) ಶಹಾಬಾದಿನ ಕಾಲೇಜಿಗೆ ಹೋದಾಗ ಖವ್ವಾಲಿಯ ಹುಚ್ಚು. ಗೆಳತಿ ಮುಸರತಳ ಮನೆಯಲ್ಲಿ ಖವ್ವಾಲಿಯ ಜೊತೆ ಖಿಚಡಿ-ಖಟ್ಟಾ ಸಿಗುತ್ತಿತ್ತು. ಇವತ್ತಿಗೂ ಖವ್ವಾಲಿ ಕೇಳಿದರೆ ನನಗೆ ಹಸಿವಾಗುತ್ತದೆ.

ಇನ್ನು ನಮ್ಮವರು, ಅಂದರೆ ಅಮರನಾಥ. ಮದುವೆಯಾದಾಗ ಅವರ ಸಂಗೀತಜ್ಞಾನ ಬ್ಯಾಂಡ್ ಬಾಜಾದಿಂದ ಶುರುವಾಗಿ ಬ್ಯಾಂಡ್ ಬಾಜಾದಲ್ಲೇ ಮುಗಿಯುತ್ತಿತ್ತು. ಆ ಬರಡು ಕಿವಿಯನ್ನು ಉತ್ತು, ಬಿತ್ತಿ, ಹಸನು ಮಾಡಿದವಳು ನಾನು. ಭಾವಗೀತೆ ಕಲಿಸಿದೆ, ಹಳೆಯ ಸಿನಿಮಾ ಹಾಡು ಕಲಿಸಿದೆ, ತಪ್ಪಿದಲ್ಲೆಲ್ಲ ತಿದ್ದಿದೆ. ಕಡೆಗೆ ಅವರು ಹಾಡುವುದನ್ನು ಬಿಟ್ಟು ಸುಮ್ಮನೆ ಕೇಳತೊಡಗಿದರು. ರುಚಿ ಪಕ್ವವಾಯಿತು ಎಂದು ನಾನು ಹಿಗ್ಗಿದೆ. ಅಂಥ ನನ್ನ ಹೊಲದಲ್ಲಿ ಈಗ ಬೇರೆ ಯಾರೋ ಬಿತ್ತನೆ ಮಾಡಿದ್ದಾರೆಂದರೆ ನಾನು ಸುಮ್ಮನಿರಬೇಕೇ?

"ಏನ್ರಿ, ಅದ್ಯಾವ ಹಾಡು ಹಾಡ್ಲಿಕತ್ತೀರಿ?" ಎಂದು ಬಚ್ಚಲ ಬಾಗಿಲಲ್ಲೇ ನಿಂತು ಕೇಳಿದೆ.

"ಹಾಡಾ? ನಾ ಎಲ್ಲಿ ಹಾಡ್ಲಿಕತ್ತೀನಿ?"

"ಮತ್ತ ಒಳಗ ಇನ್ಯಾರಿದ್ದಾರ?"

"ನೀರಿನ ಸಪ್ಪಳ ಇರಬೇಕು ತಗೋ."

"ನಮ್ಮ ಬಚ್ಚಲದಾಗಿನ ನೀರು ತೆಲುಗು ಮಾತಾಡ್ತದೇನ್ರಿ?"

"ಸುಜಾತಾ, ಏನೋ ಸುಟ್ಟ ವಾಸನಿ ಬರ್ಲಿಕತ್ತದ, ನೋಡು ಹೋಗು."

ಮಾತು ಮರೆಸುವ ಗಂಡಸು ಏನನ್ನೋ ಮುಚ್ಚಿಟ್ಟಿರುತ್ತಾನೆ. ಅಂದಿನಿಂದ ನನ್ನ ಗೂಢಚರ್ಯೆ ಆರಂಭವಾಯಿತು.

ಅವರಿಗೆ ಸೇಡಂನ ಒಂದು ಗೋದಾಮಿನಲ್ಲಿ ಗುಮಾಸ್ತಿಕೆ. ಚಿತ್ತಾಪುರದಿಂದ ದಿನಾ ಬಾಡಿಗೆಯ ಕ್ರೂಸರ್ ಗಾಡಿಯಲ್ಲಿ ಹೋಗಿ ಬರುತ್ತಾರೆ. ಮೊದಲೆಲ್ಲ ಗಾಡಿ ಹಾರ್ನ್ ಹೊಡೆದ ಮೇಲೆ ಚಪ್ಪಲಿ ಹುಡುಕುತ್ತಿದ್ದವರು ಈಗ ಎಲ್ಲರಿಗಿಂತ ಮೊದಲು ಹೋಗಿ ನಿಲ್ಲುತ್ತಿದ್ದರು. ಅದೂ ಹೋಗಲಿ, "ಡಬ್ಬಿಗಿ ಪುಂಡಿ ಪಲ್ಯ ಜಾಸ್ತಿ ಹಾಕು" ಅನ್ನತೊಡಗಿದರು. ಪುಂಡಿ ಪಲ್ಯ! ತೆಲುಗಿನವರು ಗೋಂಗೂರ ಎಂದು ಪ್ರಾಣ ಬಿಡುವುದು ಇದೇ ಸೊಪ್ಪಿಗೆ. ಅಂದರೆ ನನ್ನ ಕೈಯಿಂದಲೇ ಸೊಪ್ಪು ಬಿಡಿಸಿ, ನನ್ನ ಕೈಯಿಂದಲೇ ಒಗ್ಗರಣೆ ಹಾಕಿಸಿ, ಅವಳಿಗೆ ಉಣಿಸುತ್ತಿದ್ದಾರೆ! ಅವಳ ಹೆಸರು ನನಗೆ ಗೊತ್ತಿರಲಿಲ್ಲ, ಆದರೆ ಮೂಗುತಿ ಸಮೇತ ಅವಳ ಮುಖ ಕಣ್ಣಿಗೆ ಕಟ್ಟಿತ್ತು. ಆ ವಾರ ನನಗೆ ಅನ್ನ ಸೇರಲಿಲ್ಲ. ನಿಮಗೆ ನಗು ಬರಬಹುದು, ನನಗೆ ಮಾತ್ರ ನಿಜವಾಗಿ ಭಯವಾಗಿತ್ತು.

ಮುಸರತಳಿಗೆ ಫೋನು ಮಾಡಿದೆ.

"ಡಬ್ಬಿ ಹ್ಯಾಂಗ ಬರ್ತದ?" ಎಂದು ಕೇಳಿದಳು, ವಕೀಲರ ಹಾಗೆ.

"ತೊಳದು ಒರಸಿ ಇಟ್ಟಂಗ ಬರ್ತದ."

"ಅಯ್ಯೋ ಅಲ್ಲಾ! ಗಂಡಸರು ಎಲ್ಲ್ಯಾರ ಡಬ್ಬಿ ತೊಳಿತಾರೇನು? ಗಡಬಡ್ ಅದ ನೋಡು. ಬೆನ್ನ ಹತ್ತು."

ಮರುದಿನ ಅವರು ಹೊರಟ ಮೇಲೆ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ನಾನೂ ಹೊರಟೆ. ಅವರು ಆಗಲೇ ಡ್ರೈವರನ ಪಕ್ಕದ ಸೀಟಿನಲ್ಲಿ ರಾಜನಂತೆ ಕೂತಿದ್ದರು. ನಾನು ಹಿಂದಿನ ಬಾಗಿಲಿನಿಂದ ಹತ್ತಿ, ಬದನೆಕಾಯಿಯ ಬುಟ್ಟಿಗೂ ಒಬ್ಬ ಮುದುಕಿಗೂ ನಡುವೆ ತೂರಿಕೊಂಡೆ. ಗಾಡಿಯಲ್ಲಿದ್ದ ಹೆಂಗಸರ ಮೂಗುಗಳನ್ನೆಲ್ಲ ಒಂದೊಂದಾಗಿ ಪರೀಕ್ಷಿಸಿದೆ. ಒಬ್ಬಳು ಕೂಸಿಗೆ ಹಾಲೂಡಿಸುತ್ತಿದ್ದಳು, ಇನ್ನೊಬ್ಬಳು ಆಗಲೇ ಗೊರಕೆ ಹೊಡೆಯುತ್ತಿದ್ದಳು, ನನ್ನ ಪಕ್ಕದ ಮುದುಕಿಗೆ ಹಲ್ಲೇ ಇರಲಿಲ್ಲ. ಯಾರ ಮೇಲೂ ಅನುಮಾನ ಗಟ್ಟಿಯಾಗಿ ಕೂರಲಿಲ್ಲ.

ಗಾಡಿ ಊರು ದಾಟಿತು. ನಮ್ಮವರು ಚೀಲದಿಂದ ಪಲ್ಯದ ಡಬ್ಬಿ ತೆಗೆದರು. ನಾನು ಬುಟ್ಟಿಯ ಮೇಲಿಂದ ಕತ್ತು ಚಾಚಿದೆ. ಡಬ್ಬಿ ಹೋದದ್ದು ಡ್ರೈವರನ ಕೈಗೆ.

"ತಗೋ ದತ್ತು, ನಿನ್ನ ಗೋಂಗೂರ."

"ನಿನ್ನಿ ಡಬ್ಬಿ ತೊಳದಿಟ್ಟೀನಿ ಸರ್, ಮರೀಬ್ಯಾಡ್ರಿ," ಎಂದು ದತ್ತು ಪೆನ್‌ಡ್ರೈವ್ ಸಿಕ್ಕಿಸಿದ. ತೆಲುಗು ಹಾಡೊಂದು ಗಾಡಿ ನಡುಗುವಂತೆ ಶುರುವಾಯಿತು.

"ಇದೇನವ್ವಾ ಇದು?" ಎಂದು ಮುದುಕಿಯನ್ನು ಕೇಳಿದೆ.

"ಡ್ರೈವರ್ ತೆಲುಗು ಗಡಿ ಕಡಿಯಾಂವ. ನಸಿಕಿನ್ಯಾಗಿಂದ ಗಾಡಿ ಹೊಡಿತಾನ, ಕಣ್ಣು ಎಳಿತಾವ. ಅದಕ್ಕ ಮುಂದ ಕುಂತವರು ಅವನ ಜೋಡಿ ಹಾಡಬೇಕು, ಹಿಂದಿನವರು ಚಪ್ಪಾಳಿ ಹೊಡಿಬೇಕು. ಮುಂದಿನ ಸೀಟಿಗಿ ಭಾಳ ಜಗಳ ಇತ್ತು. ಆ ಸರ್ ಪಲ್ಯ ಕೊಟ್ಟು ಕಾಯಂ ಮಾಡ್ಕೊಂಡಾರ."

ಎದೆಯ ಮೇಲಿಂದ ಶಹಾಬಾದಿ ಕಲ್ಲಿನ ಚಪ್ಪಡಿ ಇಳಿಸಿದಂತಾಯಿತು. ಅಲ್ಲಿಗೇ ಸುಮ್ಮನಿದ್ದು, ಸೇಡಂನಲ್ಲಿ ಇಳಿದು, ಒಂದು ಸೀರೆ ನೋಡಿ ಮನೆಗೆ ಬಂದಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಆದರೆ ನಮ್ಮವರು ಹಾಡತೊಡಗಿದರು. ಕೈ ಮೇಲೆತ್ತಿ, ಕತ್ತು ಕುಣಿಸಿ, ಗಂಟಲು ಹರಿಯುವಂತೆ ಹಾಡಿದರು. ಶ್ರುತಿ ಸೇಡಂ ಕಡೆ, ತಾಳ ಹಿಂದೆ ವಾಡಿ ಕಡೆ. ಜನ ಚಪ್ಪಾಳೆ ಹೊಡೆದೇ ಹೊಡೆದರು. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡು ಮೊದಲ ಚರಣ ಸಹಿಸಿದೆ. ಎರಡನೆಯ ಚರಣದಲ್ಲಿ ಅವರು ಮೇಲಿನ ಸ್ವರ ಹತ್ತಲು ಹೋಗಿ ಜಾರಿದ್ದೇ ತಡ, ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ.

"ಶ್ರುತಿ ತಪ್ಪಿತ್ರಿ!"

ಚಪ್ಪಾಳೆ ನಿಂತಿತು. ಕೈ ಮೇಲೆತ್ತಿದ್ದ ನಮ್ಮವರು ಹಾಗೇ ತಿರುಗಿದರು.

"ತೆಲುಗಿನಾಗೂ ಗೊತ್ತಾತೇನು ನಿನಗ?" ಎಂದರು ಕ್ಷೀಣವಾಗಿ.

ದತ್ತು ಕನ್ನಡಿಯಲ್ಲಿ ನನ್ನನ್ನು ನೋಡಿದ. "ಸರ್, ಆ ಅಕ್ಕೋರು ಇವರೇನ್ರಿ?"

"ಯಾವ ಅಕ್ಕೋರು?" ಎಂದೆ ನಾನು.

"ಅದರೀ, ಸರ್ ಮನ್ಯಾಗ ಬಾಯಿ ತೆರದ್ರ ಸಾಕು, ಕನ್ನಡ ಹಾಡಿದ್ರ ಕನ್ನಡದಾಗ ತಪ್ಪು, ಹಿಂದಿ ಹಾಡಿದ್ರ ಹಿಂದ್ಯಾಗ ತಪ್ಪು ಹಿಡಿತಾರಂತಲ್ಲ, ಅವರು. ತೆಲುಗು ಒಂದ ಅಕ್ಕೋರಿಗಿ ಬರಂಗಿಲ್ಲ, ಅದಕ್ಕ ಕಲಿಸು ಅಂತ ನನ್ನ ಬೆನ್ನ ಹತ್ಯಾರ್ರಿ ಸರ್."

ಇಡೀ ಗಾಡಿ ನಕ್ಕಿತು. ಹಲ್ಲಿಲ್ಲದ ಮುದುಕಿ ಎಲ್ಲರಿಗಿಂತ ಹೆಚ್ಚು ನಕ್ಕಳು. ನನಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ಇಷ್ಟು ದಿನ ಅವರು ಮನೆಯಲ್ಲಿ ಸುಮ್ಮನಿದ್ದದ್ದು ರುಚಿ ಪಕ್ವವಾದದ್ದರಿಂದ ಅಲ್ಲ, ನನಗೆ ಹೆದರಿ ಎಂದು ಆಗ ಗೊತ್ತಾಯಿತು.

ಸಂಜೆ ಅವರು ಬಂದ ಕೂಡಲೇ ಹೇಳಿದೆ: "ಇನ್ನ ಮ್ಯಾಲ ಹ್ಯಾಂಗ ಬೇಕು ಹಾಂಗ ಹಾಡ್ರಿ. ನಾ ಒಂದು ಮಾತೂ ಅನ್ನಂಗಿಲ್ಲ."

"ಖರೇ?"

"ಖರೇ."

ಮಾತಿಗೆ ತಪ್ಪಲಿಲ್ಲ. ಅವರು ಹಾಡಿದರು, ನಾನು ಹಲ್ಲು ಕಚ್ಚಿಕೊಂಡು ತಲೆದೂಗಿದೆ. ಹಗಲು ಹೊತ್ತು ಮಾತ್ರ ಫೋನಿನಲ್ಲಿ ಅವೇ ತೆಲುಗು ಹಾಡುಗಳನ್ನು ಹಚ್ಚಿ ಸಾಲು ಸಾಲಾಗಿ ಕಲಿತೆ (ತಿದ್ದಲಿಕ್ಕಲ್ಲ, ಬರೀ ತಿಳಿದುಕೊಳ್ಳಲಿಕ್ಕೆ). ತಿಂಗಳು ಕಳೆಯುವುದರೊಳಗೆ ಚೆನ್ನಾಗಿಯೇ ಬಂತು. ನಿನ್ನೆ ಸಂಜೆ ಕುಕ್ಕರಿನ ಸೀಟಿ ಮೀರಿಸಿ ಒಂದನ್ನು ಪೂರ್ತಿ ಹಾಡಿಯೂ ಬಿಟ್ಟೆ.

ಇವತ್ತು ಅವರು ಕೆಲಸಕ್ಕೆ ಹೊರಟವರು ಮೆಟ್ಟಿಲು ಇಳಿಯುತ್ತಾ ಹಾಡುತ್ತಿದ್ದರು. ಕಿವಿಗೊಟ್ಟೆ. ಹಾಡು ಮರಾಠಿಯದು.

"ಇದೇನ್ರಿ ಹೊಸಾದು?"

"ನಿನ್ನಿ ನೀ ಹಾಡಿದ್ದು ಓಣಿತನಾ ಕೇಳಸ್ತು. ಭಾಳ ಛಲೋ ಹಾಡ್ತಿ," ಎಂದರು ನಮ್ಮವರು, ಗೇಟು ದಾಟಿ ನಿಂತು. "ಅದಕ್ಕ ರಾತ್ರೀನ ದತ್ತುಗ ಫೋನ್ ಮಾಡಿ, ಇದೊಂದು ಹಾಡು ತರಿಸ್ಕೊಂಡು, ಪೆನ್‌ಡ್ರೈವ್ ಬದಲಿ ಮಾಡಸ್ದೆ."