ಮಂಗಲಕ್ಕನ ಕರೆಂಟ್ ತಂಬೂರಿ

ಮಿರಜದಿಂದ ಬಂದ ರಟ್ಟಿನ ಪೆಟ್ಟಿಗೆಯನ್ನು ಬಿಚ್ಚಿದಾಗ ಮೊದಲು ಕಂಡದ್ದು ಎರಡು ಕೋಡು. ಆಮೇಲೆ ಕಪ್ಪು ಮೈ. ಮೈಮೇಲೆ ಹಲ್ಲು ಕಿರಿದು ನಗುತ್ತಿದ್ದ ಒಂದು ತಲೆಬುರುಡೆ. ಅಂಕಲಿಯ ಮಂಗಲಕ್ಕ ತಮ್ಮನಿಗೆ ಹೇಳಿ ತರಿಸಿದ್ದು ಬಸದಿಯ ಭಜನೆಗೆ ಶ್ರುತಿ ಹಿಡಿಯುವ ಕರೆಂಟ್ ತಂಬೂರಿಯನ್ನು. ಅವಳು ಕೂಡಲೇ ಫೋನ್ ಹಚ್ಚಿದಳು.

"ವೃಷಭಾ, ಇದೇನ ಕಳಿಸೀಯೋ? ಬಸ್ತಿಗೆ ಒಯ್ಯೂ ಸಾಮಾನ ಏನೋ ಇದು?"

ಮಿರಜದ ವಾದ್ಯದಂಗಡಿಯಲ್ಲಿ ಕೆಲಸಕ್ಕಿದ್ದ ವೃಷಭ ಸ್ವಲ್ಪವೂ ಅಳುಕಲಿಲ್ಲ. "ಅಕ್ಕಾ, ತಂಬೂರಿ ಎಲ್ಲಾ ಖಾಲಿ ಆಗ್ಯಾವು. ಇದು ಗಿಟಾರ್. ಹೆವಿ ಮೆಟಲ್ ಬಾರಸೂ ಹುಡುಗೂರಿಗಂತ ಮಾಡಿದ್ದು. ತಂತಿ ಅದಾವು, ಕರೆಂಟ್ ಐತಿ, ಇನ್ನೇನ ಬೇಕ ನಿನಗ? ಸ್ಪೀಕರ್ ಪೆಟಗೀನೂ ಇಟ್ಟೀನಿ ನೋಡು."

ಮಂಗಲಕ್ಕನಿಗೆ ಹಿಂದೆ ಸರಿಯುವ ಹಾಗಿರಲಿಲ್ಲ. ಬಸದಿಯ ಮಹಿಳಾ ಭಜನಾ ಮಂಡಳಿಯಲ್ಲಿ ಅವಳು ಮದುವೆಯಾಗಿ ಬಂದಾಗಿನಿಂದ ಕೊನೆಯ ಸಾಲಿನಲ್ಲಿ ಕೂತು ತಾಳ ಬಡಿಯುತ್ತಿದ್ದಳು. ಮೊದಲ ಸಾಲಿನಲ್ಲಿ ಹಾರ್ಮೋನಿಯಂ, ಹಾರ್ಮೋನಿಯಂ ಹಿಂದೆ ಮನಿಷಾ. ಮನಿಷಾ ನಿನ್ನೆ ಮೊನ್ನೆ ಈ ಊರಿಗೆ ಸೊಸೆಯಾಗಿ ಬಂದವಳು, ಆದರೆ ಮಂಡಳಿಯ ವಾದ್ಯವೆಂದರೆ ಮನಿಷಾಳದ್ದೇ ಎಂದು ಎಲ್ಲರೂ ಒಪ್ಪಿಬಿಟ್ಟಿದ್ದರು. ಈ ವಾರ ಇಲಿಗಳು ಆ ಹಾರ್ಮೋನಿಯಂನ ತಿದಿಯನ್ನು ಕಡಿದು ಹಾಕಿದ್ದವು. ಇವತ್ತು ಸಂಜೆ ನಿಪ್ಪಾಣಿಯ ಮಂಡಳಿ ಭಜನೆಗೆ ಬರುವುದಿತ್ತು. ಎಲ್ಲರೂ ತಲೆಯ ಮೇಲೆ ಕೈ ಹೊತ್ತು ಕೂತಾಗ ಮಂಗಲಕ್ಕ ಎದ್ದು ನಿಂತು, "ಶ್ರುತಿ ನಾ ತರ್ತೀನಿ. ಆದ್ರ ಮುಂದ ನಾನ ಕುಂಡ್ರಾಕಿ" ಎಂದಿದ್ದಳು. ಬೇರೆ ದಾರಿಯಿಲ್ಲದೆ ಎಲ್ಲರೂ ಹೂಂಗುಟ್ಟಿದ್ದರು.

ಕೋಡಿದ್ದರೇನಾಯಿತು, ಎಮ್ಮೆಗೂ ಕೋಡಿರುತ್ತವೆ, ಹಾಲು ಕೊಡುವುದಿಲ್ಲವೇ ಎಂದುಕೊಂಡು ಮಂಗಲಕ್ಕ ಸೆರಗು ಸಿಕ್ಕಿಸಿದಳು. ತಲೆಬುರುಡೆಗೆ ಹೂವಿನ ಚಿತ್ರವಿದ್ದ ದಿಂಬಿನ ಚೀಲ ತೊಡಿಸಿದಳು. ಗಿಟಾರಿಗಿದ್ದ ತೊಗಲಿನ ಪಟ್ಟಿ ಬಸದಿಯ ಹೊಸ್ತಿಲು ದಾಟುವಂತಿರಲಿಲ್ಲ. ಅದನ್ನು ಕಿತ್ತು ಹಿತ್ತಲಿಗೆಸೆದು ಹಳೆಯ ಸೀರೆಯ ಅಂಚನ್ನು ಕಟ್ಟಿದಳು. ಸ್ಪೀಕರಿನ ಪ್ಲಗ್ ಸಡಿಲವಾಗಿತ್ತು; ಹೆಬ್ಬೆರಳಿನಿಂದ ಮೇಲಕ್ಕೊತ್ತಿ ಬಲಕ್ಕೆ ತಿರುವಿದರೆ ಮಾತ್ರ ದೀಪ ಹತ್ತುತ್ತಿತ್ತು. ಅಲ್ಲಿಗೊಂದು ಖಾಲಿ ಕಡ್ಡಿಪೆಟ್ಟಿಗೆಯನ್ನು ತುರುಕಿ, ದೇವರನ್ನು ನೆನೆದು ತಂತಿಗಳನ್ನು ಮೀಟಿದಳು.

ಕಬ್ಬಿನ ಟ್ರ್ಯಾಕ್ಟರುಗಳು ಸಾಲಾಗಿ ಕೆಸರಿನಲ್ಲಿ ಹುಗಿದು ಒಟ್ಟಿಗೇ ಆಕ್ಸಿಲರೇಟರ್ ತುಳಿದಂಥ ಸದ್ದು ಎದ್ದಿತು. ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆಗಳು ತಾವಾಗಿಯೇ ಭಜನೆ ಶುರು ಮಾಡಿದವು.

ಪಕ್ಕದ ಮನೆಯ ಮುರಗೆಪ್ಪ ಅರ್ಧ ಗಡ್ಡ ಹೆರೆದುಕೊಂಡವನು ಹಾಗೆಯೇ ಬೀದಿಗೆ ಹಾರಿದ. ಟ್ರಾನ್ಸ್‌ಫಾರ್ಮರ್ ಅಂದರೆ ಅವನಿಗೆ ಪ್ರಾಣ; ಊರವರ ಬಾಯಲ್ಲಿ ಅದು ಟಿಸಿ. ಅದು ಸುಟ್ಟರೆ ಹೊಸದು ಬರುವುದರೊಳಗೆ ಕಬ್ಬಿನ ಗತಿ ಮುಗಿದಂತೆ.

"ಟಿಸಿ ಸುಟ್ಟೈತ್ರೆಪ್ಪೋ! ಲೈನ್ ಬಂದ್ ಮಾಡಸ್ರಿ!" ಎಂದು ಕೂಗುತ್ತಲೇ ಲೈನ್‌ಮನ್‌ಗೆ ಫೋನ್ ಮಾಡಿದ. ಅವನು ಲೈನ್ ಬಂದ್ ಮಾಡಿದ; ಇಡೀ ಓಣಿಯ ಕರೆಂಟ್ ಹೋಯಿತು.

ಸದ್ದು ಹೊರಟದ್ದು ಎಲ್ಲಿಂದ ಎಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಓಣಿಗೆ ಓಣಿಯೇ ಮಂಗಲಕ್ಕನ ಬಾಗಿಲಿಗೆ ಬಂತು. ಎಲ್ಲರಿಗಿಂತ ಮುಂದೆ, ಹಿಟ್ಟಿನ ಬುಟ್ಟಿ ಹೊತ್ತ ಮುರಗೆಪ್ಪನ ಹೆಂಡತಿ ಚನ್ನವ್ವ.

"ನನ್ನ ಜ್ವಾಳ ಅರ್ಧಾ ಬುಟ್ಟ್ಯಾಗ, ಅರ್ಧಾ ಗಿರಣ್ಯಾಗ ಅದಾವ. ರೊಟ್ಟಿ ಏನ ನಿನ್ನ ತಂಬೂರಿ ಮ್ಯಾಲ ಬಡೀಲೇನ ಮಂಗಲಕ್ಕಾ?"

"ಕೋಡಿಗೆ ಬಣ್ಣಾ ಹಚ್ಚರಿ, ಎತ್ತಿನ ಜೋಡಿ ಕಟ್ಟಾಕ ಬರ್ತೈತಿ" ಎಂದ ಮುರಗೆಪ್ಪ, ತನ್ನ ತಪ್ಪನ್ನು ಮುಚ್ಚಿಕೊಳ್ಳಲು.

ಮಂದಿ ಚದುರಿದ ಮೇಲೆ ಗಂಡ ಜಿನ್ನಪ್ಪ ಮೆತ್ತಗೆ ಹೇಳಿದ: "ವಾಪಸ್ ಕಳಿಸಿಬಿಡೂಣು. ತಾಳ ಬಡದ್ರ ಏನ ಸಣ್ಣಾಕಿ ಆಗ್ತೀಯೇನ?"

"ಇಷ್ಟ ವರ್ಷ ಮಂದಿ ಬೆನ್ನ ನೋಡಿಕೋಂತ ಭಜನಿ ಮಾಡೀನಿ. ಇವತ್ತ ಸ್ವಾಮಿ ಮಾರಿ ನೋಡಾಕಿ ನಾ" ಎಂದಳು ಮಂಗಲಕ್ಕ. ಜಿನ್ನಪ್ಪ ಹೆಗಲ ಮೇಲಿನ ಟವೆಲಿನಿಂದ ಸ್ಪೀಕರಿನ ಧೂಳು ಒರೆಸತೊಡಗಿದ.

ಕರೆಂಟ್ ಇಲ್ಲದ ಗಿಟಾರು ಪಾಪದ ಪ್ರಾಣಿಯಾಗಿತ್ತು. ಪಿಸುಗುಡುವಷ್ಟೇ ಅದರ ಶಕ್ತಿ. ಮಂಗಲಕ್ಕ ಅದನ್ನು ತೊಡೆಯ ಮೇಲೆ ಮಲಗಿಸಿ, ಕಿವಿಯನ್ನು ಅದರ ಮೈಗೆ ಹಚ್ಚಿ, ಬಿರಟೆಗಳನ್ನು ತಿರುವುತ್ತ ಕೂತಳು. ದಪ್ಪ ತಂತಿಯನ್ನು ಸಡಿಲಿಸಿ ಸಡಿಲಿಸಿ ಕೆಳಗಿನ ಷಡ್ಜಕ್ಕೆ ತಂದಾಗ ಆಶ್ಚರ್ಯವೊಂದು ನಡೆಯಿತು. ಪಕ್ಕದ ತಂತಿ ತಾನಾಗಿಯೇ ಪಂಚಮ, ಅದರಾಚೆಯದು ಮೇಲಿನ ಷಡ್ಜ. ಸ, ಪ, ಸ! ಹುಡುಗರು ಕೂದಲು ಬೀಸಿ ಕುಣಿಯಲೆಂದು ಮಾಡಿದ ವಾದ್ಯದ ಹೊಟ್ಟೆಯಲ್ಲಿ ತಂಬೂರಿ ಕೂತಿತ್ತು. ಅವಳಿಗೆ ಅದರ ಮೇಲೆ ಮೊದಲ ಸಲ ಪ್ರೀತಿ ಹುಟ್ಟಿತು.

ಮಧ್ಯಾಹ್ನ, ಲೈನ್‌ಮನ್ ಮುರಗೆಪ್ಪನಿಗೆ ಮನಸಾರೆ ಬೈದು ಹೋದ ಮೇಲೆ, ಕರೆಂಟ್ ಬಂತು. ಮಂಗಲಕ್ಕ ಕಡ್ಡಿಪೆಟ್ಟಿಗೆಯನ್ನು ಸರಿಪಡಿಸಿ ಮತ್ತೆ ಕೂತಳು. ಸ್ಪೀಕರ್ ಪೆಟ್ಟಿಗೆಯ ಎಡಗಡೆಯ ಗುಂಡಿಯನ್ನು ಪೂರ್ತಿ ಹಿಂದಕ್ಕೆ ತಿರುವಿದರೆ ಗರ್ಜನೆ ಗುನುಗಾಗುತ್ತದೆ. ಮೀಟಿದ ಮೇಲೆ ತಂತಿಯ ಬುಡದಲ್ಲಿ ಅಂಗೈಯಿಟ್ಟರೆ ತಟ್ಟಿ ಮಲಗಿಸಿದ ಕೂಸಿನಂತೆ ಸುಮ್ಮನಾಗುತ್ತದೆ. ಸ್ಪೀಕರಿಗೆ ಮುಖ ಮಾಡಿದರೆ ಕಿರುಚುತ್ತದೆ, ಬೆನ್ನು ಮಾಡಿದರೆ ತೆಪ್ಪಗಿರುತ್ತದೆ. ಇಂಥ ಸ್ವಭಾವದವರ ಜೊತೆ ಸಂಸಾರ ಮಾಡಿದ ಅನುಭವ ಅವಳಿಗೆ ಸಾಕಷ್ಟಿತ್ತು.

"ಈಗ ಟಿಸಿ ಸುಟ್ಟಂಗ ಕೇಳಸಾಕತ್ತಿಲ್ಲ ಬಿಡ್ರಿ" ಎಂದು ಮುರಗೆಪ್ಪ ಗೋಡೆಯಾಚೆಯಿಂದ ಒಪ್ಪಿಗೆ ಕೊಟ್ಟ. "ನಮ್ಮ ಬಾಂವಿ ಮೋಟಾರ್ ಚಾಲೂ ಆದಂಗ ಐತಿ."

ಅವನ ಬಾಯಿಂದ ಇದಕ್ಕಿಂತ ದೊಡ್ಡ ಹೊಗಳಿಕೆ ಬರುವ ಸಾಧ್ಯತೆ ಇರಲಿಲ್ಲ.

ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ ಮಂಗಲಕ್ಕ ಬಸದಿಗೆ ನಡೆದಳು. ಹಿಂದೆ ಸ್ಪೀಕರ್ ಹೊತ್ತ ಜಿನ್ನಪ್ಪ. ಬಸದಿಯ ಸ್ವಿಚ್‌ಬೋರ್ಡು ಪಕ್ಕದ ಕಂಬದ ಹಿಂದಿತ್ತು. ಅಲ್ಲಿ ಪ್ಲಗ್ ಚುಚ್ಚಿ, ಕಡ್ಡಿಪೆಟ್ಟಿಗೆ ತುರುಕಿ, ಮಂಗಲಕ್ಕ ಮೊದಲ ಸಾಲಿಗೆ ಬಂದು ಕೂತಳು. ತಲೆಯೆತ್ತಿದರೆ ಎದುರಿಗೇ ಗರ್ಭಗುಡಿಯ ಸ್ವಾಮಿ. ಯಾರ ಬೆನ್ನೂ ಅಡ್ಡವಿಲ್ಲ. ಅವಳ ಕಣ್ಣು ತುಂಬಿ ಬಂತು.

ತಂತಿ ಮೀಟಿದಳು. ಬಸದಿಯ ಕಲ್ಲುಗೋಡೆಗಳೇ ಗುನುಗಿದಂತೆ ಷಡ್ಜ ಎದ್ದಿತು. ಪಕ್ಕದಲ್ಲಿ ಕೈ ಕಟ್ಟಿ ಕೂತಿದ್ದ ಮನಿಷಾ ಬೆರಗಾದಳು. "ಕಿತಿ ಗೋಡ!" ಎಷ್ಟು ಇಂಪು ಎಂದು ಮರಾಠಿಯಲ್ಲಿ ಮೆಚ್ಚಿದರು ನಿಪ್ಪಾಣಿಯವರು. ಮೊದಲ ಭಜನೆ ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ಸಾಗಿತು.

ಎರಡನೆಯ ಭಜನೆಯ ನಡುವೆ ಕಡ್ಡಿಪೆಟ್ಟಿಗೆ ಜಾರಿ ಬಿತ್ತು. ಶ್ರುತಿ ನಿಂತಿತು. ನಿಪ್ಪಾಣಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜಿನ್ನಪ್ಪ ಓಡಿ ಹೋಗಿ ಪ್ಲಗ್ ಎಡಕ್ಕೆ ತಿರುವಿದ, ಕೆಳಕ್ಕೊತ್ತಿದ, ಕೊನೆಗೆ ಕೈಮುಗಿದ. ಊರಿನ ಮಾನ ಹೋಗುತ್ತದೆಂದು ಮಂಗಲಕ್ಕ ಗಿಟಾರನ್ನು ಜಮಖಾನೆಯ ಮೇಲಿಟ್ಟು ತಾನೇ ಓಡಿದಳು. ಕಡ್ಡಿಪೆಟ್ಟಿಗೆ ಗಂಡನ ಕಾಲಡಿ ಅಪ್ಪಚ್ಚಿಯಾಗಿತ್ತು. ಅವಳ ಹೆಬ್ಬೆರಳು ತಾಕಿದ್ದೇ ತಡ, ದೀಪ ಹತ್ತಿತು; ಬೆರಳು ತೆಗೆದರೆ ಆರುತ್ತಿತ್ತು. ಅತ್ತ ಒಂಟಿಯಾಗಿ ಬಿದ್ದಿದ್ದ ಗಿಟಾರು ಊಳಿಡಲಾರಂಭಿಸಿತು.

"ಮನಿಷಾ, ತಂತಿ ಮ್ಯಾಲ ಅಂಗೈ ಇಡವಾ! ಸ್ಪೀಕರಿಗೆ ಬೆನ್ನ ಮಾಡು! ದಪ್ಪಂದರಿಂದ ಮೂರ ತಂತಿ ಅಷ್ಟ ಮೀಟು!" ಎಂದು ಕಂಬದ ಹಿಂದಿನಿಂದ ಪಿಸುದನಿಯಲ್ಲಿ ಕೂಗಿದಳು.

ಮನಿಷಾ ಎತ್ತಿಕೊಂಡಳು, ಅಂಗೈಯಿಟ್ಟಳು, ಮೀಟಿದಳು. ಮಂಗಲಕ್ಕ ಇಡೀ ಹಗಲು ಬೆವರು ಸುರಿಸಿ ಕಲಿತದ್ದು ಆ ಹುಡುಗಿಗೆ ಒಂದು ಪಲ್ಲವಿ ಮುಗಿಯುವುದರೊಳಗೆ ಬಂದುಬಿಟ್ಟಿತು. ಭಜನೆ ಕಳೆಗಟ್ಟಿತು. ಕಂಬದ ಹಿಂದೆ ಗೋಡೆಗೆ ಮುಖ ಮಾಡಿ ನಿಂತಿದ್ದ ಮಂಗಲಕ್ಕನ ಹೆಬ್ಬೆರಳಿಗೆ ಒಮ್ಮೆ ಕೆಟ್ಟ ಆಸೆ ಬಂತು. ತುಸು ಸಡಿಲಿಸಿದರೆ ಸಾಕು. ಆದರೆ ಸ್ವಾಮಿಯ ಪದ ನಡೆದಿತ್ತು. ಅವಳು ಇನ್ನೂ ಗಟ್ಟಿಯಾಗಿ ಒತ್ತಿದಳು.

ಮಂಗಳಾರತಿಯಾದ ಮೇಲೆ ಮನಿಷಾ ಮೈಕು ಹಿಡಿದಳು. "ಈ ಕರೆಂಟ್ ತಂಬೂರಿ ನಮ್ಮ ಮಂಡಳಿಗೆ ದಾನ ಕೊಟ್ಟವರು ಶ್ರೀಮತಿ ಮಂಗಲಾ ಜಿನ್ನಪ್ಪ. ಎಲ್ಲಾರೂ ಅನ್ರಿ, ಜಯ ಜಿನೇಂದ್ರ!"

"ಜಯ ಜಿನೇಂದ್ರ!" ಎಂದಿತು ಬಸದಿ. ದೇವರೆದುರು ಕೂಗಿ ಹೇಳಿದ ದಾನವನ್ನು ನಾನು ಕೊಟ್ಟೇ ಇಲ್ಲ ಎನ್ನಲು ಅಂಕಲಿಯಲ್ಲಿ ಯಾರಿಗೂ ಬಾಯಿ ಬರುವುದಿಲ್ಲ. ಮಂಗಲಕ್ಕನೂ ಕೈಮುಗಿದಳು.

ಮನಿಷಾ ಕಂಬದ ಹಿಂದೆ ಬಂದು ಅವಳ ಕೈ ಹಿಡಿದುಕೊಂಡಳು. "ಅಕ್ಕಾರ, ನಿಪ್ಪಾಣಿಗೂ ಕರದಾರ್ರಿ ನಮ್ಮನ್ನ. ನೀವು ಬರಾಕ ಬೇಕು. ನಿಮ್ಮನ್ನ ಬಿಟ್ರ ಆ ಪ್ಲಗ್ ಯಾರ ಮಾತೂ ಕೇಳೂದಿಲ್ರಿ."

ಮನೆಯ ದಾರಿಯಲ್ಲಿ ಜಿನ್ನಪ್ಪ ಹೆಂಡತಿಯ ಊದಿದ ಹೆಬ್ಬೆರಳನ್ನು ನೋಡಿ ಮರುಗಿದ. "ನಾಳೆ ಚಿಕ್ಕೋಡಿಗೆ ಹೊಂಟೀನಿ. ಒಂದ ಹೊಸಾ ಪ್ಲಗ್ ತಂದ ಹಾಕಿಬಿಡ್ತೀನಿ ತಗೋ."

ಮಂಗಲಕ್ಕ ಗಕ್ಕನೆ ನಿಂತಳು.

"ಹಾಕೀರಿ, ಜ್ವಾಕಿ! ಅದೂ ಸರಿ ಆದ್ರ ನನ್ನ ಯಾರ ನಿಪ್ಪಾಣಿಗೆ ಕರಕೊಂಡ ಹೋಗ್ತಾರ?"