ಧಮ್‌ಧಮ್ಮಿನ ಹದ್ದುಬಸ್ತು

ಇಂಡಿ ತಾಲ್ಲೂಕಿನ್ಯಾಗ ಭೂಮಿ ಅಳದವರು ಭಾಳ ಮಂದಿ ಇದ್ದಾರ್ರಿ. ಆದ್ರ ಸಪ್ಪಳ ಅಳದವರು ಒಬ್ಬರ ಒಬ್ಬರು, ನಮ್ಮ ಕಾಕಾ! ಸರ್ವೇ ಇಲಾಖೆಯೊಳಗ ಮೂವತ್ತು ವರ್ಷ ಸರಪಳಿ ಎಳದು ರಿಟಾಯರ್ ಆದ ಮನುಷ್ಯ. ಹದ್ದುಬಸ್ತು, ಅಂದ್ರ ಗಡಿ ಗುರುತು, ಮಾಡಲಿಕ್ಕೆ ಬರದಂಥಾದ್ದು ಈ ಜಗತ್ತಿನ್ಯಾಗ ಏನೂ ಇಲ್ಲಂತ ಅವರ ನಂಬಿಕಿ. ಊಟಕ್ಕ ಕೂತ್ರ ಎಲಿ ಮ್ಯಾಲ ಅನ್ನ ಎಲ್ಲಿ ಮುಗೀತು, ಪಲ್ಯ ಎಲ್ಲಿ ಸುರು ಆತು ಅನ್ನೂದಕ್ಕೂ ನಡುವ ಬಾಂದಕಲ್ಲು ಇರಬೇಕು. ಇಂಥವರ ಕೈಗೆ ಹೋಮ್ ಥಿಯೇಟರ್ ಸಿಕ್ರ ಏನಾಗಬೇಕು, ನೀವ ಹೇಳ್ರಿ!

ಆ ಸೆಟ್ ತಂದದ್ದು ಷೋಕಿಗೆ ಅಲ್ಲ, ಅದನ್ನ ಮೊದಲ ಹೇಳಿಬಿಡತೇನಿ. ಕಾಕೂಗ, ಅಂದ್ರ ಅವರ ಹೆಂಡತಿಗೆ, ಭಾಳ ಛಲೋ ದನಿ ಇತ್ತು. ಶನಿವಾರ ಸಂಜಿಮುಂದ ಅವರ ಮನ್ಯಾಗ ಭಜನಿ ಅಂದ್ರ ಓಣಿ ಹೆಣ್ಮಕ್ಕಳು ಒಲಿ ಮ್ಯಾಲಿನ ಹಾಲು ಮರತು ಓಡಿ ಬರತಿದ್ರು. ಹೋದ ವರ್ಷ ಸೊಲ್ಲಾಪುರದಾಗ ಗಂಟಲ ಆಪರೇಷನ್ ಆತು. ಜೀವ ಉಳೀತು, ದನಿ ಉಳೀಲಿಲ್ಲ. ಈಗ ಅವರದು ಬರೇ ಪಿಸುಮಾತು. ಮನ್ನೆ ದೀಪಾವಳಿಗೆ ಟ್ರಂಕ್ ಝಾಡಿಸುವಾಗ ಒಂದು ಹಳೇ ಕ್ಯಾಸೆಟ್ ಸಿಕ್ತು, ಅದರಾಗ ಭಜನ್ಯಾಗ ಕಾಕೂ ಹಾಡಿದ ಒಂದು ದಾಸರ ಪದ. ಅವರ ದನಿ ಅಂತ ಉಳದದ್ದು ಅದೊಂದ. ಕಾಕಾ ಅದನ್ನ ವಿಜಯಪುರಕ್ಕ ಒಯ್ದು ಪೆನ್‌ಡ್ರೈವಿಗೆ ಹಾಕಿಸಿಕೊಂಡು ಬಂದ್ರು, ಬರುವಾಗ ಜೋಡಿಗೆ ಹೋಮ್ ಥಿಯೇಟರ್. ಕಿವ್ಯಾಗ ಸಿಗಿಸಿಕೊಳ್ಳೂದು ಒಂದು ತಂದಿದ್ರ ಸಾಕಾಗ್ತಿತ್ತಲ್ರಿ ಅಂದೆ.

"ಹೆಂಡತಿ ದನಿ ಕಿವ್ಯಾಗ ತುರುಕಿಕೊಂಡು ಕೇಳೂದಲ್ಲ ತಂಗಿ, ಮನಿ ತುಂಬ ಕೇಳಬೇಕು," ಅಂದ್ರು.

ಮನಿ ತುಂಬಿತು ಖರೆ. ಆದ್ರ ತುಂಬಿದ್ದು ಧಮ್ ಧಮ್! ಆ ಸೆಟ್ಟಿನ ಸಂಗಾಟ ಬಂದ ದೊಡ್ಡ ಡಬ್ಬಿ, ಊಫರ್ ಅಂತಾರಲ್ಲ, ಅದು ಬಾಯಿ ಬಿಟ್ಟಿತಂದ್ರ ಗ್ವಾಡಿ ಮಾಡದಾಗಿನ ತಂಬಿಗಿ ತಾನ ನಡಕೋತ ಅಂಚಿಗೆ ಬರತಿತ್ತು. ದೇವರ ಮನಿ ಗಂಟಿ ಯಾರೂ ಮುಟ್ಟದ ಬಾರಿಸ್ತಿತ್ತು. ಬಾಜೂ ಮನಿ ಗೌಡ್ತಿ ಬಂದು, ಮನ್ಯಾಗ ಬೋರ್ ಹೊಡಸಾಕತ್ತೀರೇನ್ರಿ, ನೀರು ಬಿದ್ರ ನಮಗೂ ಒಂದು ಪೈಪ್ ಬಿಡ್ರಿ ಅಂತ ಹೇಳಿ ಹೋದ್ರು. ಬಟನ್ ತಿರುವಿ ಕಮ್ಮಿ ಮಾಡಬಾರದಾ ಅಂತೀರಿ? ಪೂರಾ ತಿರುವಿದ್ರು, ಬಟನ್ನ ಕೈಗೆ ಬಂತು, ಸಪ್ಪಳ ಹೋಗಲಿಲ್ಲ. ಅದರ ನಡುವ ಕಾಕೂನ ದನಿ ಒಂದಿಷ್ಟು ತೇಲಿದಂಗ ಮಾಡಿ ಮತ್ತ ಮುಳಗತಿತ್ತು. ನಂದೇನು ಕೇಳೂದದ, ಬಿಡ್ರಿ ಅಂತ ಕಾಕೂ ಪಿಸು ಅನ್ನೋರು. ಅಂದು ಎದ್ದು ಹೋಗ್ತಿದ್ರೇನು? ಇಲ್ಲ, ಕಿವಿ ಕೊಟ್ಟು ಅಲ್ಲೇ ಕೂಡತಿದ್ರು.

ಅದನ್ನ ನೋಡಿ ಕಾಕಾ ಹಟಕ್ಕ ಬಿದ್ರು. ಮೆತ್ತಗಿನ ಸಾಮಾನು ಸಪ್ಪಳ ಕುಡೀತದಂತ ಎಲ್ಲೋ ಓದಿದ್ರಂತ. ಮನ್ಯಾಗಿನ ಏಳೂ ಕೌದಿ ಗ್ವಾಡಿಗೆ ಮೊಳಿ ಹೊಡದು ಬಿಗದ್ರು. ಆ ಚಳಿಗಾಲದಾಗ ಗ್ವಾಡಿ ಬೆಚ್ಚಗ ಮಲಗ್ತು, ಮನಿ ಮಂದಿ ನಡುಗಿದ್ರು. ನಾಕೂ ಮೂಲ್ಯಾಗ ತೊಗರಿ ಚೀಲ ಬಂದು ನಿಂತವು. ತಾಂಬಾದಿಂದ ಬಂದ ದಲ್ಲಾಳಿ ಒಬ್ಬಾಂವ ಅವನ್ನ ನೋಡಿ ಮಾರತೀರೇನು ಅಂತ ಕೇಳಿದ. ಇಲ್ಲ, ಅವು ಕೆಲಸದ ಮ್ಯಾಲ ಅವ, ಸಪ್ಪಳ ಕುಡೀಲಿಕ್ಕತ್ತಾವ ಅಂದ್ರು ಕಾಕಾ. ಆಂವ ಮುಂದಿಟ್ಟ ಚಹಾ ಸುದ್ದಾ ಮುಟ್ಟದ ಎದ್ದು ಹೋದ.

ಧಮ್ ಧಮ್ ಮಾತ್ರ ಜಗ್ಗಲಿಲ್ಲ. ಆವಾಗ ಕಾಕಾ ತಮ್ಮ ಖರೇ ವಿದ್ಯಾ ಹೊರಗ ತಗದ್ರು. ನಡುಮನಿ ಫರಸಿ ಮ್ಯಾಲ ಸುಣ್ಣದ ಗೆರಿ ಎಳದು, ಚೌಕ ಮಾಡಿ, ಒಂದೊಂದಕ್ಕೂ ಸರ್ವೇ ನಂಬರ್ ಬರದ್ರು. ಒಂದು ತಾಟಿನ್ಯಾಗ ಸಾಸಿವಿ ಹಾಕಿ ಪ್ರತಿಯೊಂದು ನಂಬರಿನ ಮ್ಯಾಲ ಇಟ್ಟು, ಸಾಸಿವಿ ಎಷ್ಟು ಜಿಗೀತದಂತ ಬಗ್ಗಿ ನೋಡಿ ನಕಾಶಿ ತಗದ್ರು. ಒಂಬತ್ತನೇ ನಂಬರಿನ್ಯಾಗ ಸಾಸಿವಿ ತಾಟು ದಾಟಿ ಹಾರಿತು! ನೋಡತೇವಿ, ಊಫರ್ ಕೂತಿದ್ದೂ ಅಲ್ಲೇ, ಫರಸಿ ಕೆಳಗ ಮುತ್ಯಾನ ಕಾಲದ ಹಗೇವು ಇದ್ದದ್ದೂ ಅಲ್ಲೇ. ಹಿಂದಕ ಜೋಳ ತುಂಬಿ ಇಡತಿದ್ದ ನೆಲದೊಳಗಿನ ಕುಣಿ ಅದು. ಈಗ ಖಾಲಿ. ಅದರ ಬಾಯಿ ಮ್ಯಾಲ ಊಫರ್ ಇಟ್ರ ಇಡೀ ಮನಿ ನಗಾರಿ ಆಗೂದಿಲ್ಲೇನು? ಎರಡು ದಿನ ಉಸುಕು, ತೊಗರಿ ಹೊಟ್ಟು ತುಂಬಿಸಿ ಫರಸಿ ಮುಚ್ಚಿಸಿದ್ರು. ತಂಬಿಗಿ ನಿಂತಲ್ಲೇ ನಿಂತಿತು. ಯಾವ ಹಾಡು ಹಚ್ಚಿದ್ರೂ ತಿಳಿನೀರಿನಂಗ ಸ್ವಚ್ಛ. ಗೌಡ್ತಿ ಮತ್ತ ಬಂದು, ನೀರು ಬೀಳಲಿಲ್ಲೇನ್ರಿ ಪಾಪ ಅಂತ ಹಳಹಳಿಸಿದ್ರು.

ಕಾಕೂ ಅವತ್ತು ತಲಿ ಬಾಚಿಕೊಂಡು, ಛಲೋ ಸೀರಿ ಉಟ್ಕೊಂಡು ಬಂದು ಕೂತ್ರು. ಕಾಕಾ ಪೆನ್‌ಡ್ರೈವ್ ಸಿಗಿಸಿದ್ರು.

ಧಮ್ ಧಮ್!

ಉಳದ ಹಾಡೆಲ್ಲಾ ಸರಳ, ಇದೊಂದಕ್ಕ ಮಾತ್ರ ಅದ ಹಳೇ ರಗಳಿ. ಕಾಕಾನ ಮಾರಿ ಸಣ್ಣದಾತು. ಕಡೀಕ ಮೋರಟಗಿಯಿಂದ ಮೈಕ್ ಸೆಟ್ಟಿನವರೊಬ್ಬರನ್ನ ಕರೆಸಿದ್ರು. ಅರವತ್ತು ದಾಟಿದ ಹಿರಿಯರು, ಮದುವಿ ಮುಂಜಿವಿಗೆ ಮೈಕ್ ಕಟ್ಟಿ ಕಟ್ಟಿ ಕೂದಲ ಬೆಳ್ಳಗ ಆದವರು. ಸೆಟ್ಟಿಗೆ ಕೈ ಸುದ್ದಾ ಹಚ್ಚಲಿಲ್ಲ, ಕಣ್ಣು ಮುಚ್ಚಿ ಒಮ್ಮೆ ಪೂರಾ ಕೇಳಿದ್ರು.

"ಮಷೀನು ಬರೋಬರಿ ಐತ್ರಿ ಸಾಹೇಬ್ರ. ಇದು ತಬಲಾದ ಡಗ್ಗಾ. ಮೈಕು ಹಾಡಾವ್ರ ಮುಂದ ಇಡೂದು ಬಿಟ್ಟು ಡಗ್ಗಾದ ಮುಂದ ಇಟ್ಟಾರ. ಬಾರಿಸಿದಾಂವಾ ಒಂದೀಟೂ ಕೈ ಹಗೂರ ಮಾಡಿಲ್ಲ. ಯಾರ್ರೀ ಆ ಪುಣ್ಯಾತ್ಮ?"

ನಾನು ಕಾಕೂನ್ನ ನೋಡಿದೆ, ಕಾಕೂ ಕಾಕಾನ್ನ ನೋಡಿದ್ರು, ಕಾಕಾ ಸುಣ್ಣದ ಗೆರಿ ನೋಡಲಿಕ್ಕತ್ರು. ಶನಿವಾರದ ಭಜನಿಗೆ ತಬಲಾ ಹಿಡೀತಿದ್ದವರು ಮತ್ಯಾರು? ಟೇಪ್‌ರೆಕಾರ್ಡರ್ ಅವರದು, ಮೈಕು ಇಟ್ಟವರೂ ಅವರ! ಮೂವತ್ತು ವರ್ಷ ಮಂದಿ ಹೊಲದ ಒತ್ತುವರಿ ಹಿಡದ ಮನುಷ್ಯ, ಸ್ವಂತ ಹೆಂಡತಿ ಪದ ಒತ್ತುವರಿ ಮಾಡಿ ಕೂತಿದ್ರು. ನನಗ ನಗು ಬಂದು ಸೆರಗು ಬಾಯಿಗೆ ಇಟ್ಕೊಂಡೆ. ಡಗ್ಗಾ ತಗದು ದನಿ ಅಷ್ಟ ಉಳಿಸಲಿಕ್ಕೆ ಆಗ್ತದೇನು ಅಂತ ಕಾಕಾ ಕೇಳಿದ್ರು. ಅದು ತಮ್ಮ ಕೈಲೆ ಆಗೂದಲ್ಲಂತ ಹೇಳಿ, ಕೈ ಮುಗದು ಆ ಹಿರಿಯರು ಹೋದ್ರು.

ಕಾಕಾ ಸೆಟ್ ಬಂದ್ ಮಾಡಿ ಪೆನ್‌ಡ್ರೈವ್ ಕಿತ್ತು ತಗದ್ರು. ನನ್ನ ನಗು ಅಲ್ಲೇ ನಿಂತಿತು.

"ಅವತ್ತ ನಾ ನಿನ್ನ ಪದ ಕೇಳೇ ಇಲ್ಲ," ಅಂದ್ರು ಹೆಂಡತಿಗೆ.

"ಗೊತ್ತಿತ್ತು ನನಗ," ಅಂತ ಕಾಕೂ ಪಿಸುಗುಟ್ಟಿದ್ರು.

"ಈಗ ಅನ್ನು. ಹೆಂಗ ಬರತದ ಹಂಗ."

ಕಾಕೂ ಒಲ್ಲೆ ಅಂದ್ರು. ಮತ್ತೊಮ್ಮೆ ಒಲ್ಲೆ ಅಂದ್ರು. ಆಮ್ಯಾಲ ಸೆರಗು ಸರಿ ಮಾಡಿಕೊಂಡು ಸುರು ಮಾಡಿದ್ರು. ರಾಗ ಇಲ್ಲ, ದನಿ ಇಲ್ಲ, ಬರೇ ಉಸಿರು, ಅದರಾಗ ಪದದ ಒಂದೊಂದು ಮಾತು. ಕಣ್ಣೀರು ತಡೀಲಿಕ್ಕೆ ನನಗ ಆಗಲಿಲ್ಲ. ಕಾಕಾ ನೆಲಕ್ಕ ಇಳದು ಕಾಕೂನ ಮುಂದ ಕೂತ್ರು. ತಬಲಾ ಬಾರಿಸಿದ ಎರಡೂ ಅಂಗೈ ತೊಡಿ ಕೆಳಗ ಹಾಕಿ ಒತ್ತಿಕೊಂಡು, ಪದ ಮುಗಿಯೂತನಕ ಅಲುಗಾಡದ ಕೇಳಿದ್ರು.