ಎಣ್ಣೆ ಹಚ್ಚಿದ್ದು ಯಾರು?

ನನ್ನ ಕೈಕಾಲುಗಳು ನನ್ನ ಅಪ್ಪಣೆ ಪಡೆದೇ ಅಲ್ಲಾಡುತ್ತವೆ ಎಂದು ನಾನು ಐವತ್ತು ವರ್ಷ ನಂಬಿಕೊಂಡಿದ್ದೆ. ಮಿದುಳಿನಲ್ಲಿ ಸಣ್ಣ ಸಣ್ಣ ವಿದ್ಯುತ್ ಅಲೆಗಳು ಏಳುತ್ತವಂತೆ, ನಮ್ಮ ಓಡಾಟವೆಲ್ಲ ಅವುಗಳದೇ ಕಾರುಬಾರಂತೆ. ಆ ಕಾರುಬಾರಿನಲ್ಲಿ ನನ್ನನ್ನು ಯಾರೂ ಕೇಳುವುದೇ ಇಲ್ಲವೆಂದು ಗೊತ್ತಾದದ್ದು ಈಚೆಗೆ.

ನಾನು ಹನ್ನೆರಡು ವರ್ಷ ಕಾಪುವಿನ ಶಾಲೆಯಲ್ಲಿ ಮೇಷ್ಟ್ರಾಗಿದ್ದವನು. ಈ ವರ್ಷ ಮನೆಯ ಹತ್ತಿರ ಪರ್ಕಳಕ್ಕೇ ವರ್ಗವಾಯಿತು. ಒಂದು ಭಾನುವಾರ, ತನ್ನ ಅಕ್ಕನ ಮನೆಗೆ ಹೋಗಿದ್ದ ಹೆಂಡತಿ ಶಾರದೆಯನ್ನು ಕರೆತರಲು ಬಜಗೋಳಿಗೆಂದು ಸ್ಕೂಟರ್ ಹತ್ತಿದೆ. ಇಳಿದದ್ದು ಕಾಪುವಿನ ಶಾಲೆಯ ಎದುರು. ಗೇಟು ಹಾಕಿದ್ದು ಕಂಡು ಜವಾನನ ಮೇಲೆ ಸಿಟ್ಟೂ ಬಂತು! ಅತ್ತ ಶಾರದೆ ಬಸ್ ತಂಗುದಾಣದಲ್ಲಿ ಎರಡು ಗಂಟೆ ಕಾದಳು.

"ಹನ್ನೆರಡು ವರ್ಷದ ಶಾಲೆ ನೆನಪುಂಟು. ಇಪ್ಪತ್ತೈದು ವರ್ಷದ ಹೆಂಡತಿ ನೆನಪಿಲ್ಲ ಅಲ್ವಾ?" ಎಂದವಳು ಮಾತು ಬಿಟ್ಟಳು. ಮಾತಿಲ್ಲದ ಮನೆಯನ್ನು ನನ್ನಿಂದ ಸಹಿಸಲಾಗಲಿಲ್ಲ. ಮಣಿಪಾಲದಲ್ಲಿ ಮಿದುಳಿನ ಅಲೆಗಳ ಪರೀಕ್ಷೆಗೆ ಹೆಸರು ಬರೆಸಿದೆ. ಏನಾದರೊಂದು ದೋಷ ಸಿಗಲಿ ಎಂದೇ ನನ್ನ ಆಸೆ. ಮಿದುಳು ಸರಿಯಿದ್ದರೆ ಗಂಡನೇ ಸರಿಯಿಲ್ಲವೆಂದಾಗುತ್ತದಲ್ಲ!

ತಲೆಗೆ ಎಣ್ಣೆ ಹಚ್ಚದೆ ಬರಬೇಕೆಂದು ಎರಡೆರಡು ಸಲ ಹೇಳಿದ್ದರು. ಪರೀಕ್ಷೆ ಮಾಡುವ ಮಹಿಳೆ ನನ್ನ ತಲೆಗೆ ವಯರು ಅಂಟಿಸಲು ಹೋದರೆ ಅದು ಜಾರಿತು.

"ಎಂತ ಸರ್, ಎಣ್ಣೆ ಹಚ್ಚಿದ್ದೀರಾ?"

"ದೇವರಾಣೆ ಇಲ್ಲ," ಎಂದೆ.

ಮಾತಿಲ್ಲದೆಯೇ ಜೊತೆಗೆ ಬಂದು ಮೂಲೆಯಲ್ಲಿ ಕೂತಿದ್ದ ಶಾರದೆ ಎದ್ದು ಬಂದು ನನ್ನ ನೆತ್ತಿ ಮುಟ್ಟಿದಳು. ಅಂಗೈ ಮಿರಮಿರ ಮಿಂಚಿತು. ಸ್ನಾನವಾದ ಮೇಲೆ ಕನ್ನಡಿಯ ಕೆಳಗಿನ ತೆಂಗಿನೆಣ್ಣೆ ಬಾಟಲಿಗೆ ಕೈ ಹಾಕುವುದು ಬಾಲ್ಯದ ಅಭ್ಯಾಸ. ಆ ದಿನವೂ ಕೈ ತಾನಾಗಿ ಹೋಗಿ ಬಂದಿತ್ತು, ನನಗೆ ಸುದ್ದಿಯೇ ಇಲ್ಲ. ಅವಳು ಅಂಗೈಯನ್ನೇ ನೋಡುತ್ತ ಎಂಟು ದಿನಗಳ ಮೇಲೆ ಮೊದಲ ಸಲ ನಕ್ಕಳು.

"ಅವತ್ತು ಸ್ಕೂಟರ್ ಕೂಡ ಹೀಗೇ ಹೋದದ್ದಾ ಮಾರಾಯ್ರೆ?"

ಪರೀಕ್ಷೆಗೆ ಮೊದಲೇ ಆರೋಪದಿಂದ ನನ್ನ ಬಿಡುಗಡೆಯಾಯಿತು. ಕಣ್ಣು ತುಂಬಿ ಬಂತು.

ಮರುದಿನ ಅವಳೇ ಬಾಟಲಿ ಅಡಗಿಸಿ, ನನ್ನ ತಲೆ ತೊಳೆದು ಮತ್ತೆ ಪರೀಕ್ಷೆಗೆ ಕರೆದೊಯ್ದಳು. ಎಲ್ಲ ಸರಿಯಿತ್ತು. ಕಣ್ಣು ಮುಚ್ಚಿ ಏನೂ ಯೋಚಿಸದೆ ಇರುವಾಗ ಏಳುವ ಶಾಂತ ಅಲೆಯನ್ನು ಆ ಮಹಿಳೆ ಪರದೆಯಲ್ಲಿ ತೋರಿಸಿದರು.

"ನಾನು ಮಾತಾಡುವಾಗ ಇವರಿಗೆ ಏಳುವುದು ಇದೇ ಅಲೆಯಾ?" ಎಂದು ಶಾರದೆ ಕೇಳಿದಳಂತೆ. ಅಂತೆ ಎಂದೇ ಹೇಳಬೇಕು. ನಾನು ಆಗ ಪರದೆ ನೋಡುತ್ತ ಕೂತಿದ್ದೆ. ಈ ಪ್ರಶ್ನೆ ನನ್ನ ಕಿವಿಗೆ ಬಿದ್ದದ್ದು, ಮನೆಗೆ ಬರುವಾಗ ಸ್ಕೂಟರಿನ ಹಿಂದೆ ಕೂತು ಅವಳು ಅದನ್ನೇ ಮೂರನೆಯ ಸಲ ಹೇಳಿದಾಗ.